ಕಣ್ಣೊಳಗಿನ ಹಳದಿ ಹಾಳೆ

ಇನ್ನೂ ಬೆಳಕು ಹರಿದಿಲ್ಲ. ಲಾ ತೇಹಾ ಬಡಾವಣೆಯ ಕ್ಲಬ್ಬಿನ ಅಂಗಳದಲ್ಲಿ, ಮಿಕ್ಕ ತಿಂಗಳುಗಳಲ್ಲಿ ಮುದುಕರು ಮರದ ಗುಂಡು ಉರುಳಿಸಿ ಆಡುವ ಜಾಗದಲ್ಲಿ, ಹಲಗೆಯ ರಂಗವೊಂದು ಎದ್ದು ನಿಂತಿದೆ. ಕಾರ್ನಿವಲ್ಲಿಗೆ ಇನ್ನೊಂದೇ ವಾರ. ಆಚೆ ತೈಲ ಕಾರ್ಖಾನೆಯ ಚಿಮಣಿಯ ತುದಿಯಲ್ಲಿ ಎಂದಿನಂತೆ ಬೆಂಕಿ ಉರಿಯುತ್ತಿದೆ. ಈಚೆ, ಏಣಿಯ ಮೇಲಿನಿಂದ ಎರಡನೇ ಮೆಟ್ಟಿಲಲ್ಲಿ, ಸೊಂಟಕ್ಕೆ ಸ್ಪ್ಯಾನರ್ ಕಟ್ಟಿಕೊಂಡು ಸುಲ್ಮಾ ಬೆಂತಾಂಕೋರ್ ನಿಂತಿದ್ದಾರೆ. ವಯಸ್ಸು ಅರವತ್ತೆಂಟು. ದೀಪವೊಂದರ ಕತ್ತು ಹಿಡಿದು ಒಂದಿಷ್ಟು ಎಡಕ್ಕೆ ತಿರುಗಿಸುತ್ತಾರೆ, ನೋಡುತ್ತಾರೆ, ಮತ್ತೆ ಒಂದು ಕೂದಲೆಳೆಯಷ್ಟು ಬಲಕ್ಕೆ ತರುತ್ತಾರೆ.

"ಇಳಿಯೇ ಮಾರಾಯ್ತಿ, ಬಿದ್ದು ಸೊಂಟ ಮುರ್ಕೊಂಡ್ರೆ ಈ ಸಲದ ಕಾರ್ನಿವಲ್ ಆಸ್ಪತ್ರೆಯಲ್ಲೇ ಆಗುತ್ತೆ" ಎಂದು ಕೆಳಗಿನಿಂದ ಕೂಗುವವರು ದಾರ್ದೋ ತೆಚೇರಾ. ಇದೇ ರಂಗದ ಹಾಡುಗಾರರ ಮೇಳಕ್ಕೆ ನಲವತ್ತು ವರ್ಷದಿಂದ ಮುಖಕ್ಕೆ ಬಣ್ಣ ಬರೆಯುವ ಕಲಾವಿದ. ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕು, ಒಂದು ಕೈಯಲ್ಲಿ ಮಾತೇ ಎನ್ನುವ ಎಲೆಯ ಕಷಾಯದ ಸೋರೆ ಬುರುಡೆ, ಇನ್ನೊಂದರಲ್ಲಿ ಬಿಸ್ಕೋಚೋ ಎನ್ನುವ ಬನ್ನುಗಳ ಪೊಟ್ಟಣ.

"ನೀನು ಕೆಳಗೆ ನಿಂತು ಬಿಸ್ಕೋಚೋ ಎಲ್ಲಾ ಖಾಲಿ ಮಾಡ್ಬೇಡ. ಬೆಣ್ಣೆದು ಎರಡು ನನಗಿರಲಿ" ಎನ್ನುತ್ತಾರೆ ಸುಲ್ಮಾ, ಕಣ್ಣು ದೀಪದಿಂದ ತೆಗೆಯದೆ.

ಈ ಹೊತ್ತನ್ನೇ ಅವರು ಆರಿಸಿಕೊಂಡಿರುವುದಕ್ಕೆ ಕಾರಣ ಇದೆ. ಕತ್ತಲು ಪೂರ್ತಿ ಹೋಗಿಲ್ಲವಾದ್ದರಿಂದ ದೀಪದ ಬಣ್ಣ ಕಾಣುತ್ತದೆ. ಸೂರ್ಯ ಬರುವ ದಾರಿಯಲ್ಲಿರುವುದರಿಂದ ಸ್ವಲ್ಪ ಹೊತ್ತಿಗೇ ಅದೇ ಬಟ್ಟೆಯ, ಅದೇ ಮುಖದ ನಿಜವಾದ ಬಣ್ಣವೂ ಕಾಣುತ್ತದೆ. ಎರಡನ್ನೂ ಒಟ್ಟಿಗೆ ತೂಗಿ ನೋಡಲು ದಿನದಲ್ಲಿ ಸಿಗುವುದು ಈ ಅರ್ಧ ಗಂಟೆ ಮಾತ್ರ. ಹಾಗಾಗಿ ಪ್ರತಿವರ್ಷ ಕಾರ್ನಿವಲ್ಲಿಗೆ ಮುಂಚೆ ದರ್ಜಿಗಳು ಬಟ್ಟೆಯ ತುಂಡು ಹಿಡಿದು, ದಾರ್ದೋ ಬಣ್ಣದ ಡಬ್ಬಿ ಹಿಡಿದು ಆಕಳಿಸುತ್ತಾ ಇಲ್ಲಿಗೆ ಬರುತ್ತಾರೆ. ಹಸಿರು ದೀಪದ ಕೆಳಗೆ ಕೆಂಪು ಬಟ್ಟೆ ಹಿಡಿದರೆ ಇದ್ದಿಲ ಹಾಗೆ ಕಪ್ಪಾಗುತ್ತದೆ. ಅದನ್ನು ಒಂದು ವಾರ ಮುಂಚೆ ಕಂಡುಕೊಂಡರೆ ಬಟ್ಟೆ ಉಳಿಯುತ್ತದೆ. ಮೊದಲ ಪ್ರದರ್ಶನದಲ್ಲಿ ಕಂಡುಕೊಂಡರೆ ದರ್ಜಿಯೂ ದೀಪದವಳೂ ಜುಟ್ಟು ಹಿಡಿದು ಜಗಳವಾಡುತ್ತಾರೆ.

ಈ ಸಲ ದರ್ಜಿಗಳನ್ನು ಸುಲ್ಮಾ ನಿನ್ನೆಯೇ ಮುಗಿಸಿ ಕಳಿಸಿದ್ದಾರೆ. ಇವತ್ತಿನದು ಬೇರೆ ಪರೀಕ್ಷೆ. ದೀಪಗಳ ಪರೀಕ್ಷೆ ಎನ್ನುವುದಕ್ಕಿಂತ ಸುಲ್ಮಾ ಅವರದ್ದೇ ಪರೀಕ್ಷೆ ಎಂದರೆ ಸರಿ. ಏಣಿಯಿಂದ ಇಳಿದು, ದಾರ್ದೋ ಮತ್ತು ಮೇಳದ ನಾಯಕಿಯ ಎದುರು, ದೀಪದ ಕೋಣೆಯ ಬೀಗದ ಕೈಯನ್ನು ಮೇಜಿನ ಮೇಲೆ ಟಣ್ ಎಂದು ಇಡುತ್ತಾರೆ.

"ನಾನು ಕ್ಲಬ್ಬಿನವರಿಗೆ ಹೇಳಿ ಆಗಿದೆ. ಇವತ್ತು ನಿಮ್ಮಲ್ಲಿ ಯಾರಾದ್ರೂ ನನ್ನ ಮನಸ್ಸು ನೋಯುತ್ತೆ ಅಂತ ಒಂದು ಸುಳ್ಳು ಹೇಳಿದ್ರೂ, ಈ ಕೀ ಅವರಿಗೆ ಕೊಟ್ಟು ಮನೆಗೆ ಹೋಗ್ತೀನಿ. ಆಮೇಲೆ ಯಾರನ್ನ ಬೇಕಾದ್ರೂ ಇಟ್ಕೊಳ್ಳಿ."

ದಾರ್ದೋ ಕಷಾಯ ಹೀರುವುದನ್ನು ನಿಲ್ಲಿಸುತ್ತಾರೆ.

ಸುಲ್ಮಾ ಅವರ ಹೆಸರು ಯಾವ ಪೋಸ್ಟರಿನಲ್ಲೂ ಇಲ್ಲ. ಮುರ್ಗಾ ಮೇಳ ಎಂದರೆ ಜನಕ್ಕೆ ಹಾಡು ಬೇಕು, ಲೇವಡಿ ಬೇಕು, ದೊಡ್ಡ ಡೋಲು ಬೇಕು. ಬೆಳಕು ಎಲ್ಲಿಂದ ಬಂತು ಎಂದು ತಲೆಯೆತ್ತಿ ನೋಡಿದವರು ಯಾರು? ದೀಪ ಕೆಟ್ಟರೆ ಮಾತ್ರ ಇಡೀ ಅಂಗಳ ಹಿಂದೆ ತಿರುಗಿ ಅವರನ್ನು ನೋಡುತ್ತದೆ. "ನನ್ನ ಕೆಲಸ ಚೆನ್ನಾಗಿದ್ರೆ ನಾನಿಲ್ಲ. ಅದಕ್ಕೆ ನನಗೇನೂ ಬೇಜಾರಿಲ್ಲಪ್ಪ. ನಾಚಿಕೆ ಸ್ವಭಾವದವರಿಗೆ ಹೇಳಿ ಮಾಡಿಸಿದ ಕೆಲಸ ಇದು" ಎಂದು ನಗುತ್ತಾರೆ. ನಾಚಿಕೆ ಸ್ವಭಾವ ಎನ್ನುವುದನ್ನು ನಮ್ಮ ಬಡಾವಣೆಯಲ್ಲಿ ಯಾರೂ ನಂಬುವುದಿಲ್ಲ, ಅದು ಬೇರೆ ಮಾತು.

ಅಪ್ಪ ಮಾಂಸದ ಕಾರ್ಖಾನೆಯಲ್ಲಿ ವಿದ್ಯುತ್ ಕೆಲಸದವರು. ಸಂಜೆ ಈ ರಂಗಕ್ಕೆ ಪುಕ್ಕಟೆಯಾಗಿ ವೈರು ಎಳೆಯುತ್ತಿದ್ದರು. ಆಗ ದೀಪ ಎಂದರೆ ಎಣ್ಣೆಯ ಡಬ್ಬಿ ಅಡ್ಡಕ್ಕೆ ಕೊರೆದು, ಒಳಗೆ ಬಲ್ಬು ಕೂರಿಸಿದ್ದು. ಬಣ್ಣಕ್ಕೆ ಮಿಠಾಯಿ ಸುತ್ತುವ ಕಾಗದ. ಹುಡುಗಿ ಸುಲ್ಮಾ ವರ್ಷವಿಡೀ ಬೀದಿಯ ಮಕ್ಕಳಿಂದ ಮಿಠಾಯಿ ಕಾಗದ ಬೇಡಿ, ನೆಕ್ಕಿ, ಒರೆಸಿ, ಪುಸ್ತಕದ ನಡುವೆ ಒತ್ತಿಟ್ಟು ಜೋಡಿಸುತ್ತಿದ್ದಳು. ಬಲ್ಬಿನ ಕಾವಿಗೆ ಕಾಗದ ಬೆಚ್ಚಗಾಗಿ ಮುಂದಿನ ಸಾಲಿನಲ್ಲಿ ಕೂತವರಿಗೆ ಸ್ಟ್ರಾಬೆರಿಯ ವಾಸನೆ ಬರುತ್ತಿತ್ತಂತೆ. "ಈಗಲೂ ಎಲ್ಲಾದ್ರೂ ಸಕ್ಕರೆ ಸೀದ ವಾಸನೆ ಬಂದ್ರೆ ನನಗೆ ಕಾರ್ನಿವಲ್ ಶುರುವಾಯ್ತು ಅನ್ಸುತ್ತೆ. ಎಷ್ಟು ಚೆನ್ನಾಗಿತ್ತು ಆ ಕಾಲ! ಬಡತನ ಇತ್ತು, ಬೆಂಕಿ ಹತ್ಕೊಳ್ಳೋ ಭಯ ಇತ್ತು, ಆದ್ರೂ ಎಷ್ಟು ಚೆನ್ನಾಗಿತ್ತು" ಎನ್ನುವಾಗ ಅವರ ದನಿ ತಗ್ಗುತ್ತದೆ.

ಆಮೇಲೆ ಬಂದದ್ದು ಕಾವಿಗೆ ಸುಡದ ನಿಜವಾದ ಬಣ್ಣದ ಹಾಳೆಗಳು. ಸುಲ್ಮಾ ಅವರ ವಿಜ್ಞಾನವೆಲ್ಲ ಆ ಹಾಳೆಗಳಿಂದ ಕಲಿತದ್ದು. "ಎಲ್ಲರೂ ಹಾಳೆ ಬೆಳಕಿಗೆ ಬಣ್ಣ ಹಚ್ಚುತ್ತೆ ಅಂದ್ಕೊಂಡಿದ್ದಾರೆ. ಅದು ಏನೂ ಹಚ್ಚಲ್ಲ. ಬಿಳಿ ಬೆಳಕಲ್ಲಿ ಎಲ್ಲಾ ಬಣ್ಣಾನೂ ಇರುತ್ತೆ. ಕೆಂಪು ಹಾಳೆ ಬಾಗಿಲಲ್ಲಿ ನಿಂತ್ಕೊಂಡು ಕೆಂಪನ್ನ ಮಾತ್ರ ಒಳಗೆ ಬಿಡುತ್ತೆ, ಮಿಕ್ಕವರನ್ನ ಆಚೆ ಅಟ್ಟುತ್ತೆ. ಬಟ್ಟೆದೂ ಅದೇ ಕಥೆ. ಕೆಂಪು ಬಟ್ಟೆ ಮೇಲೆ ಕೆಂಪು ಬೆಳಕೇ ಬೀಳದಿದ್ರೆ, ಪಾಪ, ಅದು ಏನನ್ನ ವಾಪಸ್ ಕೊಡ್ಬೇಕು? ಕಪ್ಪಾಗಿ ಕೂರುತ್ತೆ."

ಬಡಾವಣೆಯ ಎಲ್ಲರೂ ಎಳವೆಯಲ್ಲಿ ಒಂದಲ್ಲ ಒಂದು ದಿನ ಅವರ ದೀಪಗಳ ಮುಂದೆ ಕೈಯಾಡಿಸಿದವರೇ. ಕೆಂಪು, ಹಸಿರು, ನೀಲಿ ಮೂರನ್ನೂ ಬಿಳಿ ಗೋಡೆಯ ಮೇಲೆ ಒಂದೇ ಕಡೆ ಬಿಟ್ಟರೆ ಗೋಡೆ ಬೆಳ್ಳಗೇ ಕಾಣುತ್ತದೆ. ಕೈ ಅಡ್ಡ ಹಿಡಿದರೆ ಮಾತ್ರ ನೆರಳುಗಳು ಹಳದಿ, ಗುಲಾಬಿ, ಆಕಾಶದ ಬಣ್ಣಕ್ಕೆ ತಿರುಗುತ್ತವೆ. ನೆರಳಿಗೂ ಬಣ್ಣ ಇರುತ್ತದೆ ಎಂದು ನಮಗೆ ಯಾವ ಶಾಲೆಯೂ ಹೇಳಿಕೊಡಲಿಲ್ಲ. ಈ ಕ್ಲಬ್ಬಿನ ಗೋಡೆ ಹೇಳಿಕೊಟ್ಟಿತು.

ಇನ್ನು ವಿದಾಯದ ಹಾಡು. ಯಾವುದೇ ಮುರ್ಗಾ ಮೇಳ ಕೊನೆಗೊಂದು ವಿದಾಯ ಹಾಡಿ, ಹಾಡುತ್ತಲೇ ರಂಗದಿಂದಿಳಿದು ಜನರ ನಡುವೆ ಹಾದು ಹೋಗುತ್ತದೆ. ನಮ್ಮ ಮೇಳದ ಹೆಸರು 'ನಿದ್ದೆಗೇಡಿಗಳು'. ಅವರ ವಿದಾಯಕ್ಕೆ ಸುಲ್ಮಾ ಬಿಡುತ್ತಿದ್ದ ಬೆಳಕು ಜೇನುತುಪ್ಪದ ಬಣ್ಣದ್ದು. ಅದನ್ನು ಬೆರೆಸಿದ್ದು ಎಬೆರ್ ಎನ್ನುವ ಒಬ್ಬ ಹಾಡುಗಾರನ ಮುಖಕ್ಕಾಗಿ. ಎಬೆರ್ ಮೇಳದ ಎರಡನೇ ಸಾಲಿನಲ್ಲಿ ನಿಲ್ಲುತ್ತಿದ್ದರು, ಬಂದರಿನಲ್ಲಿ ಕೆಲಸ, ಬಿಸಿಲಿಗೆ ಸುಟ್ಟ ಮೈಬಣ್ಣ. ಅವರ ಮುಖ ಒಳಗಿನಿಂದ ಹೊತ್ತಿದ ಹಾಗೆ ಕಾಣಬೇಕೆಂದು ಸುಲ್ಮಾ ಎರಡು ಹಾಳೆ ಒಂದರ ಮೇಲೊಂದಿಟ್ಟು, ಬಲ್ಬನ್ನು ಅರ್ಧಕ್ಕೆ ತಗ್ಗಿಸಿದರು. ತಂತಿಯ ಬಲ್ಬು ತಗ್ಗಿಸಿದಷ್ಟೂ ಕೆಂಪಗಾಗುತ್ತದೆ. ಅದೇ ವರ್ಷ ಇಬ್ಬರಿಗೂ ಮದುವೆಯಾಯಿತು. ಎಬೆರ್ ತೀರಿಹೋಗಿ ಹದಿನಾಲ್ಕು ವರ್ಷವಾಗಿದೆ.

"ಎಲ್ಲಾ ಬಣ್ಣಾನೂ ಬೆಳಗಿನ ಬೆಳಕಲ್ಲಿ ಪರೀಕ್ಷೆಗೆ ಇಡ್ತೀನಿ. ಅದೊಂದನ್ನ ಯಾವತ್ತೂ ಇಟ್ಟವಳಲ್ಲ" ಎಂದು ಸುಲ್ಮಾ ನಿಧಾನವಾಗಿ ಹೇಳುತ್ತಾರೆ. "ಅದು ಎಬೆರ್‌ದು. ಅದು ನನಗೆ ಗೊತ್ತು, ಅದಕ್ಕೆಂಥಾ ಪರೀಕ್ಷೆ ಅಂದ್ಕೊಂಡಿದ್ದೆ. ಅಲ್ಲೇ ನಾನು ಹಳ್ಳಕ್ಕೆ ಬಿದ್ದಿದ್ದು."

ಎಂಟು ವರ್ಷದ ಕೆಳಗೆ ತಂತಿಯ ಬಲ್ಬುಗಳು ಹೋಗಿ ಎಲ್‌ಇಡಿ ದೀಪಗಳು ಬಂದವು. ಹಾಳೆ ಬೇಡ. ಕೆಂಪು, ಹಸಿರು, ನೀಲಿಗೆ ಒಂದೊಂದು ಗುಂಡಿ, ಮೇಲೆ ಕೆಳಗೆ ಜಾರಿಸಿದರೆ ಬೇಕಾದ ಬಣ್ಣ. ಸುಲ್ಮಾ ಗೊಣಗಿದರೂ ಕಲಿತರು. ನೆನಪಿನಿಂದ ಜೇನಿನ ಬಣ್ಣವನ್ನೂ ಬೆರೆಸಿದರು. ಆದರೆ ಒಂದೆರಡು ವರ್ಷ ಕಳೆಯುವಷ್ಟರಲ್ಲಿ ಆ ಬೆಳಕು ಯಾಕೋ ಕಂದಿದ ಹಾಗೆ, ಹಳದಿ ಜಾಸ್ತಿಯಾದ ಹಾಗೆ ಕಾಣತೊಡಗಿತು. ಹಾಳು ಚೀನೀ ದೀಪ ಎಂದು ಬೈದು, ನೀಲಿಯ ಗುಂಡಿಯನ್ನು ಕೊಂಚ ಮೇಲೆ ಜಾರಿಸಿದರು. ಮರುವರ್ಷ ಇನ್ನೂ ಕೊಂಚ. ಅದರ ಮರುವರ್ಷ ಮತ್ತೂ ಕೊಂಚ.

ಹೋದ ಚಳಿಗಾಲದಲ್ಲಿ ಬಲಗಣ್ಣಿನ ಪೊರೆ ತೆಗೆಸಿಕೊಂಡರು. ಪಟ್ಟಿ ಬಿಚ್ಚಿದ ದಿನ ಸ್ನಾನದ ಮನೆಗೆ ಹೋದರೆ, ಕೆನೆಯ ಬಣ್ಣದ್ದೆಂದು ತಿಳಿದಿದ್ದ ಗೋಡೆಯ ಬಿಲ್ಲೆಗಳು ಹಾಲಿನಷ್ಟು ಬಿಳಿ. ಎಡಗಣ್ಣು ಮುಚ್ಚಿ ನೋಡಿದರು, ಬಿಳಿ. ಬಲಗಣ್ಣು ಮುಚ್ಚಿ ನೋಡಿದರು, ಕೆನೆ. ಅಷ್ಟು ಸಾಕಾಯಿತು ಅವರಿಗೆ. ಕೋಟು ಹಾಕಿಕೊಂಡು ನೇರ ಕ್ಲಬ್ಬಿಗೆ ಬಂದು, ಖಾಲಿ ರಂಗದ ಮೇಲೆ ವಿದಾಯದ ಬೆಳಕು ಹಾಕಿ, ಹೊಸ ಕಣ್ಣಿನಿಂದ ನೋಡಿದರು. ಕುರ್ಚಿಯ ಮೇಲೆ ಹಾಗೇ ಕುಸಿದರು.

"ಜೇನೂ ಇಲ್ಲ, ಏನೂ ಇಲ್ಲ. ನೀರಲ್ಲಿ ಮುಳುಗಿಸಿ ತೆಗೆದ ಹಾಗೆ ನೀಲಿ! ನನ್ನ ಕಣ್ಣೊಳಗೇ ಒಂದು ಹಳದಿ ಹಾಳೆ ಕೂತಿತ್ತು. ಅದು ನೀಲೀನ ಒಳಗೆ ಬಿಡ್ತಿರ್ಲಿಲ್ಲ, ನಾನು ಇನ್ನೂ ನೀಲಿ ಸುರಿತಾ ಇದ್ದೆ. ಹಾಳೆ ಕಾಲದಲ್ಲಿ ಹೀಗಾಗ್ತಿರ್ಲಿಲ್ಲ ನೋಡಿ. ಬಣ್ಣ ಹಾಳೆ ಒಳಗಿರ್ತಿತ್ತು, ಮುದುಕಿ ಕಣ್ಣಲ್ಲಿ ಅಲ್ಲ."

ಅಲ್ಲಿಂದ ಎರಡು ಬೀದಿ ಆಚೆ ದಾರ್ದೋ ಮನೆ. ಸುಲ್ಮಾ ಬಾಗಿಲು ಬಡಿಯಲಿಲ್ಲ, ಗುದ್ದಿದರು. ಅವತ್ತಿನ ಮಾತುಕತೆಯನ್ನು ಇಬ್ಬರೂ ಇವತ್ತಿಗೂ ಸಾಲು ತಪ್ಪದೆ ಹೇಳುತ್ತಾರೆ.

"ಎಷ್ಟು ವರ್ಷ ಆಯ್ತು ಹೇಳೋ."

"ಏನಕ್ಕೆ ಎಷ್ಟು ವರ್ಷ? ಒಳಗೆ ಬಾ, ಕಷಾಯ ಕುಡಿ."

"ಪೆದ್ದನ ಥರ ಆಡ್ಬೇಡ. ವಿದಾಯದ ಬೆಳಕು ಹಾಳಾಗಿ ಎಷ್ಟು ವರ್ಷ ಆಯ್ತು?"

ದಾರ್ದೋ ಬುರುಡೆಗೆ ನೀರು ಸುರಿದು, ಅದು ತುಂಬಿ ಪ್ಯಾಂಟಿನ ಮೇಲೆ ಚೆಲ್ಲಿದ ಮೇಲೆ ಹೇಳಿದರಂತೆ: "ಆರು."

ಆಮೇಲೆ ಒಂದೊಂದಾಗಿ ಹೊರಬಿತ್ತು. ನೀಲಿ ಏರಿದ ಹಾಗೆ ಹಾಡುಗಾರರ ಮುಖಗಳು ಬೂದಿ ಮೆತ್ತಿದ ಹಾಗೆ ಕಾಣತೊಡಗಿದವು. ಸುಲ್ಮಾ ಅವರಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅದು ಎಬೆರ್ ಬೆಳಕು, ಅದನ್ನು ಮುಟ್ಟಿದರೆ ಅವಳ ಎದೆಗೆ ಕೈ ಹಾಕಿದ ಹಾಗೆ ಎಂದು ದಾರ್ದೋ ಮೇಳದವರ ಬಾಯಿ ಮುಚ್ಚಿಸಿದರು. ಮುಚ್ಚಿಸಿ, ತಾವೇ ಮುಖಗಳಿಗೆ ಕೆಂಪು ಕಿತ್ತಳೆ ಬಣ್ಣ ಜಾಸ್ತಿ ಬಳಿಯತೊಡಗಿದರು. ಸುಲ್ಮಾ ಒಂದು ಪಾಲು ನೀಲಿ ಏರಿಸಿದರೆ ದಾರ್ದೋ ಒಂದು ಪಾಲು ಕೆಂಪು. ನಮ್ಮ ರಂಗದ ಮೇಲೆ ಮುಖಗಳು ಮತ್ತೆ ಮುಖಗಳ ಹಾಗೆ ಕಂಡವು.

ಆದರೆ ಮುರ್ಗಾ ಮೇಳ ಒಂದೇ ರಂಗದಲ್ಲಿ ಕೂರುವುದಿಲ್ಲವಲ್ಲ. ಒಂದೇ ಸಂಜೆ ಬಸ್ಸು ಹತ್ತಿ ಮೂರು ನಾಲ್ಕು ಬಡಾವಣೆ ಸುತ್ತಬೇಕು, ಅದೇ ಬಣ್ಣದಲ್ಲಿ. ಬೇರೆಯವರ ಸರಿಯಾದ ಬೆಳಕಿನಲ್ಲಿ ನಮ್ಮವರು ಹೇಗೆ ಕಾಣುತ್ತಿದ್ದರೆಂದರೆ, ಹುಡುಗರು ಶಿಳ್ಳೆ ಹೊಡೆದು "ಬೆಂದ ಟೊಮೆಟೊ ಬಂದ್ವು, ಬೆಂದ ಟೊಮೆಟೊ!" ಎಂದು ಕೂಗುತ್ತಿದ್ದರು. ಆರು ವರ್ಷ ಆ ಹೆಸರು ಹೊತ್ತು ತಿರುಗಿದರು. ಕಾರ್ನಿವಲ್ಲಿನ ಮೇಳಗಳ ಸ್ಪರ್ಧೆಯಲ್ಲಿ ಪ್ರಸಾಧನಕ್ಕೆ ಸೊನ್ನೆಗೆ ಹತ್ತಿರದ ಅಂಕ ಬಿದ್ದಾಗಲೂ ದಾರ್ದೋ ತುಟಿ ಬಿಚ್ಚಲಿಲ್ಲ.

ಸುಲ್ಮಾ ಅವರಿಗೆ ಆ ಹೆಸರು ಗೊತ್ತಿತ್ತು. "ನಮ್ಮದು ಕೆಂಪು ಬಾವುಟದ ಬಡಾವಣೆ ತಾನೆ, ಅದಕ್ಕೇ ಟೊಮೆಟೊ ಅಂತಾರೆ ಅಂತ ನಾನು ಹೆಮ್ಮೆ ಪಡ್ತಿದ್ದೆ ಕಣ್ರೀ!" ಎಂದು ಹಣೆ ಬಡಿದುಕೊಳ್ಳುತ್ತಾರೆ. ಹೋಗಿ ಕಣ್ಣಾರೆ ನೋಡುವ ಹಾಗೂ ಇರಲಿಲ್ಲ. ಮೇಳ ಊರು ಸುತ್ತುವ ಹೊತ್ತಿಗೆ ಇಲ್ಲಿ ಬೇರೆ ಮೇಳಗಳು ಬಂದಿರುತ್ತವೆ, ಇವರು ದೀಪ ಬಿಟ್ಟು ಅಲ್ಲಾಡುವಂತಿಲ್ಲ. ಕೋಪ ಬಂತೇ ಎಂದು ಕೇಳಿದರೆ ಹೇಳುತ್ತಾರೆ: "ಮೂರು ವಾರ ಅವನ ಹತ್ರ ಮಾತು ಬಿಟ್ಟೆ. ನನ್ನ ಮೇಲಿನ ಪ್ರೀತಿಗೆ ಇಷ್ಟು ಜನ ನಗೆಪಾಟಲಾಗಿದ್ದಾರಲ್ಲ, ಅದನ್ನ ಹೇಗೆ ಹೊತ್ಕೊಳ್ಳೋದು ಹೇಳಿ? ಅದಕ್ಕಿಂತ ಕೆನ್ನೆಗೆ ಬಾರಿಸಿದ್ರೆ ಚೆನ್ನಾಗಿತ್ತು."

ಹಾಗಾಗಿ ಈ ಬೆಳಗಿನ ಪರೀಕ್ಷೆ. ಜೇನಿನ ಬೆಳಕನ್ನು ಜೀವಮಾನದಲ್ಲಿ ಮೊದಲ ಸಲ ಸುಲ್ಮಾ ಪರೀಕ್ಷೆಗೆ ಇಡುತ್ತಿದ್ದಾರೆ. ತೊಡಕು ಏನೆಂದರೆ, ಹಳೆಯ ಎರಡು ಹಾಳೆಗಳೂ ಕಾವಿಗೆ ಬಣ್ಣ ಕಳೆದುಕೊಂಡಿವೆ. ಎಡಗಣ್ಣಿನಲ್ಲಿ ಇನ್ನೂ ಪೊರೆ ಇದೆ, ಅದನ್ನು ನಂಬುವ ಹಾಗಿಲ್ಲ. ಹೊಸ ಬಲಗಣ್ಣಿಗೆ ಎಲ್ಲವೂ ನೀಲಿ ನೀಲಿ. ಮೆದುಳು ಇದಕ್ಕೆ ಒಗ್ಗಿಕೊಳ್ಳಲು ಸಮಯ ಬೇಕು ಎಂದಿದ್ದಾರೆ ಡಾಕ್ಟರು. ಆ ಬೆಳಕನ್ನು ಕಂಡವರ ನೆನಪೊಂದೇ ದಾರಿ.

ಮೇಳದ ಈಗಿನ ನಾಯಕಿ ಗ್ರಿಸೆಲ್ ರಂಗದ ನಡುವೆ ಸ್ಟೂಲಿನ ಮೇಲೆ ಕೂತಿದ್ದಾಳೆ. ಆರು ವರ್ಷದಲ್ಲಿ ಮೊದಲ ಸಲ ದಾರ್ದೋ ಅವಳ ಮುಖಕ್ಕೆ ಹಿಂದಿನ ಹಾಗೆ ಹಗುರವಾಗಿ ಬಣ್ಣ ಹಚ್ಚಿದ್ದಾರೆ. ಕೆನ್ನೆಯ ಮೇಲೆ ಬೆಳ್ಳಿಯ ಪುಡಿ, ಹುಬ್ಬಿನ ಮೇಲೆ ಹಸಿರು ಎಲೆ.

"ಸುಲ್ಮಾ ಅಮ್ಮಾ, ನಿಜ ಹೇಳ್ಬೇಕು ಅಂದ್ರೆ ಕುತ್ತಿಗೆ ಉಳುಕಿದೆ. ಬೇಗ ಮುಗಿಸ್ತೀರಾ?"

"ಭೇಷ್! ನಿಜ ಹೇಳೋದು ಹೀಗೆ. ಕಲಿತ್ಕೋ ದಾರ್ದೋ."

ಸುಲ್ಮಾ ಎಡಗಣ್ಣಿಗೆ ಕರವಸ್ತ್ರ ಒತ್ತಿ ಹಿಡಿದು, ಹೊಸ ಕಣ್ಣಿನಿಂದ ನೋಡುತ್ತಾ ನೀಲಿಯ ಗುಂಡಿಯನ್ನು ಇಳಿಸುತ್ತಾ ಹೋಗುತ್ತಾರೆ. ಇಳಿಸುತ್ತಾರೆ, ಇನ್ನೂ ಇಳಿಸುತ್ತಾರೆ, ಪೂರ್ತಿ ತಳ ಮುಟ್ಟಿಸುತ್ತಾರೆ. "ಹಾಂ. ಈಗ ಬಂತು" ಎಂದು ಉಸಿರು ಬಿಡುತ್ತಾರೆ. "ಇದೇ ಅಲ್ವೇನೋ?"

ದಾರ್ದೋ ಗ್ರಿಸೆಲಳನ್ನು ನೋಡುತ್ತಾರೆ. ಬೀಗದ ಕೈ ನೋಡುತ್ತಾರೆ. ನೆಲ ನೋಡುತ್ತಾರೆ. ಎಪ್ಪತ್ತು ದಾಟಿದ ಮನುಷ್ಯ, ಪಾಪ. ಇಂಥ ಹೊತ್ತಿನಲ್ಲಿ 'ಚೆನ್ನಾಗಿದೆ' ಎನ್ನುವುದು ಎಷ್ಟು ಸುಲಭ ಎನ್ನುವುದು ಅವರ ಮುಖ ನೋಡಿದರೆ ತಿಳಿಯುತ್ತದೆ.

"ಕಾಮಾಲೆ ಬಂದವಳ ಥರ ಕಾಣ್ತಿದ್ದಾಳೆ ಕಣೇ" ಎನ್ನುತ್ತಾರೆ ಕೊನೆಗೆ.

ಸುಲ್ಮಾ ನಗತೊಡಗುತ್ತಾರೆ. ನಗುತ್ತಾ ನಗುತ್ತಾ ಎಡಗಣ್ಣಿಗೆ ಹಿಡಿದಿದ್ದ ಕರವಸ್ತ್ರದಿಂದಲೇ ಎರಡೂ ಕಣ್ಣು ಒರೆಸಿಕೊಳ್ಳುತ್ತಾರೆ. "ಕಾಮಾಲೆ ಅಂತೆ! ಆರು ವರ್ಷದ ಮೇಲೆ ಬಾಯಿ ಬಿಟ್ಟ, ಬಿಟ್ಟಿದ್ದು ಕಾಮಾಲೆ ಅಂತ! ಸರಿ, ಏರಿಸ್ತೀನಿ. ಎಲ್ಲಿ ನಿಲ್ಲಿಸ್ಬೇಕು ಹೇಳು."

ಗುಂಡಿ ಮೇಲಕ್ಕೆ ಜಾರುತ್ತದೆ. "ಇನ್ನೂ. ಇನ್ನೊಂಚೂರು. ಅಯ್ಯೋ ಜಾಸ್ತಿ ಆಯ್ತು, ಮೀನಿನ ಅಂಗಡಿ ಆಯ್ತು. ಕೆಳಗೆ. ಹಾಂ, ನಿಲ್ಲು." ಒಮ್ಮೆ ಬಾಯಿ ಬಂದ ಮೇಲೆ ದಾರ್ದೋ ಮಾತು ನಿಲ್ಲುವುದೇ ಇಲ್ಲ. ಮೂಡಣದಲ್ಲಿ ಆಕಾಶ ಬಿಳುಪೇರುತ್ತಿದೆ. ಸುಲ್ಮಾ ದೀಪ ಆರಿಸಿ ಮುಖ ನೋಡುತ್ತಾರೆ, ಹೊತ್ತಿಸಿ ನೋಡುತ್ತಾರೆ. ಗ್ರಿಸೆಲಳ ಮುಖ ಎರಡು ಬೆಳಕಿನಲ್ಲೂ ಅವಳದ್ದೇ ಮುಖವಾಗಿದೆ. ದೀಪ ಹೊತ್ತಿದಾಗ ಮಾತ್ರ ಒಳಗಿನಿಂದ ಒಂಚೂರು ಬೆಚ್ಚಗಾಗುತ್ತದೆ.

"ನನಗೆ ಇದು ಅದಲ್ಲ ಅನ್ಸುತ್ತೆ ಕಣೋ" ಎನ್ನುತ್ತಾರೆ ಸುಲ್ಮಾ ಮೆಲ್ಲಗೆ. ಅವರ ದನಿಯಲ್ಲಿ ಹಟವಿಲ್ಲ, ಬರೀ ಸಂಕಟ. "ನನ್ನ ಕಣ್ಣಿಗೆ ಇದು ಗುಲಾಬಿ. ಎಬೆರ್ ಹೀಗಿರ್ಲಿಲ್ಲ."

"ಹೀಗೇ ಇದ್ದ" ಎನ್ನುತ್ತಾರೆ ದಾರ್ದೋ. "ಅವನ ಮುಖ ಬರೆದವನು ನಾನು. ಪ್ರತಿ ಸಲ ರಂಗದ ಪಕ್ಕದಲ್ಲಿ ನಿಂತು ಇಷ್ಟು ಹತ್ತಿರದಿಂದ ನೋಡಿದವನು ನಾನು. ಇದೇ ಬೆಳಕು ಸುಲ್ಮಾ."

ಸುಲ್ಮಾ ಬಹಳ ಹೊತ್ತು ರಂಗವನ್ನೇ ನೋಡುತ್ತಾರೆ. ಆಮೇಲೆ ಕೈಚೀಲದಿಂದ ಉಗುರಿನ ಬಣ್ಣದ ಶೀಶೆ ತೆಗೆದು, ನೀಲಿಯ ಗುಂಡಿ ನಿಂತ ಜಾಗಕ್ಕೆ ಕೆಂಪು ಗೆರೆ ಎಳೆಯುತ್ತಾರೆ. ಒಣಗಲೆಂದು ಬಾಯಿಯಿಂದ ಊದುತ್ತಾರೆ. ಬೀಗದ ಕೈ ಎತ್ತಿ ಜೇಬಿಗೆ ಹಾಕಿಕೊಳ್ಳುತ್ತಾರೆ. ದಾರ್ದೋ ಅದನ್ನು ನೋಡಿ ಮುಖ ಆಚೆ ತಿರುಗಿಸಿ, ಬಣ್ಣದ ಡಬ್ಬಿಗಳ ಮುಚ್ಚಳ ಹಾಕತೊಡಗುತ್ತಾರೆ.

ಎಡಗಣ್ಣಿನ ಆಪರೇಷನ್ ಕಾರ್ನಿವಲ್ ಮುಗಿದ ಮೇಲೆ, ಮಾರ್ಚಿನಲ್ಲಿ. ಬೇಗ ಮಾಡಿಸಬಹುದಿತ್ತು, ಅವರೇ ಮುಂದಕ್ಕೆ ಹಾಕಿಸಿಕೊಂಡಿದ್ದಾರೆ. "ಕೆಲಸಕ್ಕೆ ಬಲಗಣ್ಣು ಇದೆ. ಅದೂ ಸಾಲದಿದ್ರೆ ಈ ಮೂತಿಯವನ ಕಣ್ಣಿದೆ. ಎಡಗಣ್ಣು ಇದೊಂದು ಸಲ ನನಗಿರಲಿ. ವಿದಾಯದ ಹಾಡಿಗೆ ಒಂದು ನಿಮಿಷ ಅದರಲ್ಲಿ ನೋಡ್ಕೋತೀನಿ. ತಪ್ಪು ಬಣ್ಣ ಅಂತ ಗೊತ್ತು. ಆದ್ರೂ ಅವನು ಹೋದ ಮೇಲೆ ಇಷ್ಟು ವರ್ಷ ನಾನು ನೋಡಿದ್ದು ಅದನ್ನೇ ತಾನೆ."

ಬೇರೆ ಆಸೆ ಏನಾದರೂ ಇದೆಯೇ ಎಂದರೆ ಮೊದಲು ತಲೆಯಾಡಿಸುತ್ತಾರೆ. ಬಿಸ್ಕೋಚೋ ಪೊಟ್ಟಣದಲ್ಲಿ ಬೆಣ್ಣೆಯದು ಒಂದೇ ಉಳಿದಿರುವುದನ್ನು ಕಂಡು ದಾರ್ದೋ ಕಡೆ ಕೆಕ್ಕರಿಸಿ, ಅದನ್ನು ಮುರಿದು ಬಾಯಿಗಿಟ್ಟುಕೊಂಡ ಮೇಲೆ ಹೇಳುತ್ತಾರೆ: "ಒಂದಿದೆ. ಒಂದು ಸಂಜೆ ಯಾರಾದ್ರೂ ನನ್ನ ದೀಪ ನೋಡ್ಕೊಂಡ್ರೆ, ಮೇಳದ ಬಸ್ ಹತ್ತಿ ಬೇರೆ ಬಡಾವಣೆಗೆ ಹೋಗ್ಬೇಕು. ಜನರ ಮಧ್ಯೆ ಕುರ್ಚಿ ಹಾಕ್ಕೊಂಡು ಕೂತು, ಯಾರೋ ಗೊತ್ತಿಲ್ಲದವರ ಬೆಳಕಲ್ಲಿ ನಮ್ಮವರನ್ನ ನೋಡ್ಬೇಕು. ನಲವತ್ತು ವರ್ಷ ಆಯ್ತು, ಒಂದು ಸಲಾನೂ ನೋಡಿಲ್ಲ."

"ಕರ್ಕೊಂಡು ಹೋಗೋಣ ಬಿಡು" ಎನ್ನುತ್ತಾರೆ ದಾರ್ದೋ. "ಆದ್ರೆ ನನ್ನ ಬಣ್ಣ ಅಲ್ಲಿ ಕೆಟ್ಟದಾಗಿ ಕಂಡ್ರೆ?"

"ಅಲ್ಲೇ, ಎಲ್ಲರ ಮುಂದೆ, ಎದ್ದು ನಿಂತು ಹೇಳ್ತೀನಿ. ನಿನ್ನ ಥರ ಆರು ವರ್ಷ ಕಾಯಲ್ಲ."